ಚಳಿಯ ಠೇವಣಿ

ಕಲಬುರಗಿಯ ಎಲ್ಲರಂತೆ ಕಸ್ತೂರಿಬಾಯಿಯೂ ಡಿಸೆಂಬರಿನ ಚಳಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬೇಸಿಗೆಯಲ್ಲಿ ಬಡ್ಡಿ ಸಮೇತ ತೆಗೆದು, ಕೋಣೆ ಕೋಣೆಯ ನಲ್ಲಿಯಲ್ಲಿ ಬಿಟ್ಟು ಮನೆ ತಂಪು ಮಾಡಿಕೊಳ್ಳುತ್ತಿದ್ದರು. ಮೊದಲು ನಾಲ್ಕು ದಿನದ ಚಳಿ ಇಟ್ಟರೆ ಐದು ದಿನದ್ದು ಸಿಗುತ್ತಿತ್ತು. ವರ್ಷ ವರ್ಷ ಬಡ್ಡಿ ಇಳಿದು, ಈ ಸಲ ಇಡೀ ಚಳಿಗಾಲಕ್ಕೆ ಒಂದು ಮಧ್ಯಾಹ್ನದಷ್ಟು ಮಾತ್ರ ಹೆಚ್ಚು ಬಂತು. ಮಗಳು ವಿಜಯಾ ಹೆರಿಗೆಗೆ ಬರುವವಳಿದ್ದದ್ದು ಮೇ ತಿಂಗಳಲ್ಲೇ.

"ಅಡಿಗಿಮನಿಗೆ ಚಳಿ ಬ್ಯಾಡ್ರೀ ಅತ್ತಿ," ಎಂದಳು ಸೊಸೆ ಗಂಗೂ. "ನಸುಕಿನ್ಯಾಗ ರೊಟ್ಟಿ ಬಡದು ಒಲಿ ಆರಿಸಿಬಿಡ್ತೀನಿ."

ಕಸ್ತೂರಿಬಾಯಿ ತಮ್ಮ ಕೋಣೆಯ ಪಾಲನ್ನೂ ಮಗಳಿಗೆಂದು ಉಳಿಸಿದರು. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ, ಅದಕ್ಕೆ ನೀರು ಚಿಮುಕಿಸುತ್ತಾ ಏಪ್ರಿಲ್ ಕಳೆದರು. ಒಮ್ಮೆ ಮಾತ್ರ ಸೆಕೆ ತಾಳದೆ ಅತ್ತೆ ಸೊಸೆ ಜೋರಾಗಿ ಜಗಳವಾಡಿ, ಸಂಜೆ ಕಲ್ಲಂಗಡಿ ಕೊಯ್ದು ರಾಜಿಯಾದರು.

ವಿಜಯಾ ಹೆಣ್ಣುಕೂಸಿನೊಂದಿಗೆ ಆಸ್ಪತ್ರೆಯಿಂದ ಬಂದ ಮಧ್ಯಾಹ್ನ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಕಸ್ತೂರಿಬಾಯಿ ಸಂಭ್ರಮದಿಂದ ಬಾಣಂತಿ ಕೋಣೆಯ ಚಳಿಯ ನಲ್ಲಿ ತಿರುವಿದರು.

ಸ್ವಲ್ಪ ಹೊತ್ತಿಗೇ ವಿಜಯಾ ಕಿವಿಗೆ ಬಟ್ಟೆ ಸುತ್ತಿಕೊಂಡು ಕೂಗಿದಳು: "ಅವ್ವಾ, ಬಾಣಂತಿಗೆ ಇಷ್ಟು ಥಂಡಿ ಆಗಂಗಿಲ್ಲ! ಕೂಸೂ ನಡುಗ್ಲಿಕತ್ತದ. ಬಾಗಿಲು ತೆಗೀ, ನೀವೂ ಒಂದೀಟು ತಗೋರಿ."

ಕಸ್ತೂರಿಬಾಯಿ ಗಂಗೂಳ ಮುಖ ನೋಡಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ತೆರೆದ ಬಾಗಿಲಿಂದ ಡಿಸೆಂಬರ್ ಪಡಸಾಲೆಗೆ ಹರಿದು ಬಂತು. ಅತ್ತೆ ಸೊಸೆ ಹೊಸ್ತಿಲ ಪಕ್ಕದಲ್ಲೇ ಜಮಖಾನ ಹಾಸಿ ಮಲಗಿದರು.

"ಅತ್ತೀ, ಚಾದರ ತರ್ಲೇನ್ರಿ?"

"ತಾರವ್ವ. ಇಬ್ಬರಿಗೂ ಒಂದ ಸಾಕು."