ನಾಲ್ಕನೆಯ ಸೂಚನೆ

“ಅಬ್ಬಾ, ಆ ಮನುಷ್ಯ ಬರೋದು ಆಟ ಆಡಾಕ ಅಲ್ಲ,” ಎಂದಳು ಮುಸ್ಕಾನ್ ಅಪ್ಪನಿಗೆ, ದನಿ ತಗ್ಗಿಸಿ.

ಹೈದರಸಾಬ ಗಲ್ಲಾದ ಹಿಂದಿನಿಂದ ತಲೆ ಎತ್ತಲಿಲ್ಲ. “ಹೊಸಬ ಅದಾನ. ಕಲೀಲಿ ಬಿಡು.”

ಹೊಸಬನಂತೆ! ತಿಂಗಳಾಯಿತು. ಕೌಲ್ ಬಜಾರಿನ ಈ ವಿಡಿಯೊ ಗೇಮ್ ಅಂಗಡಿಗೆ ಬರುವವರೆಲ್ಲ ಮೀಸೆ ಮೂಡದ ಹುಡುಗರು. ಐವತ್ತು ದಾಟಿದ ಲಾರಿ ಡ್ರೈವರ್ ದುರುಗಪ್ಪನಿಗೆ ರಾಕ್ಷಸ ಬೇಟೆಯ ಆಟದ ಉಸಾಬರಿ ಯಾಕೆ? ದಿನಾ ಮಧ್ಯಾಹ್ನ ಮೂರಕ್ಕೆ ಅದಿರಿನ ಲಾರಿಯನ್ನು ದೂರ ನಿಲ್ಲಿಸಿ ಬರುತ್ತಿದ್ದ. ಕಾಲರಿನ ಮಡಿಕೆಯಲ್ಲಿ ಕೆಂಪು ಧೂಳು. ಬೇರೆ ಮಷೀನು ಖಾಲಿ ಇದ್ದರೂ ಮೂರನೆಯದೇ ಬೇಕು. ಅದು ನದೀಮ್ ಕೂರುತ್ತಿದ್ದ ಜಾಗ.

ನದೀಮ್ ಹೈದರಸಾಬನ ಮಗ. ಮುಸ್ಕಾನಳ ಅಣ್ಣ. ಹಟ ಹಿಡಿದು ಈ ಅಂಗಡಿ ತೆರೆಸಿದವನು. ಎರಡೂವರೆ ತಿಂಗಳ ಹಿಂದೆ ಕುರುಗೋಡಿನಿಂದ ಬೈಕಿನಲ್ಲಿ ಬರುವಾಗ ಕೊಳಗಲ್ಲಿನ ಹತ್ತಿರ ಅದಿರಿನ ಲಾರಿಯೊಂದು ಹೊಡೆದು, ನಿಲ್ಲದೆ ಹೋಗಿಬಿಟ್ಟಿತು. ಬಳ್ಳಾರಿಯ ಮಣ್ಣು ಚೀನಾಕ್ಕೆ ಹೋಗುತ್ತಿದ್ದ ಕಾಲ. ಸಾವಿರಾರು ಲಾರಿಗಳಲ್ಲಿ ಯಾವುದನ್ನು ಹುಡುಕುವುದು? ಯಾರೋ ಪುಣ್ಯಾತ್ಮ ನದೀಮನನ್ನು ಎತ್ತಿಕೊಂಡು ಬಂದು ಆಸ್ಪತ್ರೆಗೆ ಸೇರಿಸಿ, ಹೆಸರೂ ಹೇಳದೆ ಹೋಗಿದ್ದ. ಹೈದರಸಾಬ ಓಡೋಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೋಗುವ ಜೀವವನ್ನು ಬಾಯಿಗೆ ನೀರು ಬಿಡದೆ ಕಳಿಸುವ ಪದ್ಧತಿ ಅವರ ಮನೆಯಲ್ಲಿ ಇಲ್ಲ. ಅದಕ್ಕೆಂದೇ ಹೆಂಡತಿ ಗುಲ್ಜಾರಬೀ ಹಜ್‌ನಿಂದ ಬಂದ ಝಮ್‌ಝಮ್ ನೀರನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದಳು. ತಮ್ಮಿಬ್ಬರಿಗೆ ಅಂತ. ಮಗನಿಗೆ ಬೇಕಾದೀತು ಎಂದು ಯಾರು ಅಂದುಕೊಂಡಿದ್ದರು? ಮಣ್ಣು ಮಾಡುವಾಗ ನದೀಮನ ತುಟಿ ಬಿರಿದು ಒಣಗಿತ್ತು. ಅಂದಿನಿಂದ ಗಂಡ ಹೆಂಡತಿಗೆ ಒಂದೇ ಕೊರಗು: ಮಗನ ಬಾಯಿಗೆ ಒಂದು ಗುಟುಕು ನೀರು ಬಿತ್ತೋ ಇಲ್ಲವೋ? ಪರಿಹಾರ ಬೇಡ, ಕೇಸು ಬೇಡ. ಬಿತ್ತು ಅಂತ ಯಾರಾದರೂ ಹೇಳಿದರೆ ಗುಲ್ಜಾರಬೀ ನೆಟ್ಟಗೆ ಎರಡು ತುತ್ತು ಉಂಡಾಳು ಎಂದು ಹೈದರಸಾಬ ನಂಬಿದ್ದ.

ಆಸ್ಪತ್ರೆಯವರು ಕವರಿನಲ್ಲಿ ಹಾಕಿ ಕೊಟ್ಟ ಸಾಮಾನು ಅಂಗಡಿಯ ಶೆಲ್ಫಿನ ಮೇಲಿತ್ತು: ಗಾಜು ಒಡೆದ ಗಡಿಯಾರ, ಪರ್ಸು, ಕುತ್ತಿಗೆವರೆಗೆ ತುಂಬಿದ ಒಂದು ನೀರಿನ ಬಾಟಲಿ. ಬಾಟಲಿ ಆಸ್ಪತ್ರೆಯದೇ ಇರಬೇಕು. ಆದರೂ ಎಸೆಯಲು ಮನಸ್ಸು ಬಂದಿರಲಿಲ್ಲ.

ಹೊಸಬರಿಗೆಂದು ನದೀಮ್ ಬರೆದ ಸೂಚನೆಗಳು ಗೋಡೆಯ ಮೇಲೆ ಇನ್ನೂ ಅಂಟಿದ್ದವು. ಮೊದಲೇ ಹೊಡೆಯಬೇಡ, ಮೃಗದ ನಡೆ ನೋಡು. ಒಂದೇಟು ಹಾಕು, ಹಿಂದೆ ಸರಿ; ದುರಾಸೆಗೆ ಬಿದ್ದೆಯೋ, ಸತ್ತೆ. ಹೊಟ್ಟೆ ತುಂಬ ಉಂಡು, ಕತ್ತಿ ಮಸೆದು ಹೊರಡು. ನಾಲ್ಕನೆಯದರ ಕೆಳಗೆ ಕೆಂಪು ಗೆರೆ ಎಳೆದಿದ್ದ: ಜೊತೆಗಾರ ಬಿದ್ದರೆ ಬೇಟೆ ಬಿಡು, ಮೊದಲು ಅವನಿಗೆ ನೀರು ಕುಡಿಸು.

ದುರುಗಪ್ಪ ಮೊದಲ ಮೂರನ್ನು ಕಲಿತ. ಗುಡ್ಡ ಅಗೆದು ತಿನ್ನುವ ಆಟದ ಮೃಗಕ್ಕೆ ಹುಡುಗರು ಡೋಜರ್ ಎಂದು ಹೆಸರಿಟ್ಟಿದ್ದರು. ಅದರೆದುರು ಚೆನ್ನಾಗಿಯೇ ನಿಲ್ಲುತ್ತಿದ್ದ. ಆದರೆ ಮಷೀನು ಆಡಿಸುವ ಜೊತೆಗಾರ ಬಿದ್ದ ಕೂಡಲೇ ಅವನ ಹೆಬ್ಬೆರಳು ಗುಂಡಿಯ ಮೇಲೆ ನಿಂತುಬಿಡುತ್ತಿತ್ತು. ಆಟದ ಚೀಲದಲ್ಲಿ ನೀರು ಇರುತ್ತಿತ್ತು. ಒತ್ತುತ್ತಿರಲಿಲ್ಲ. ಬಿದ್ದವನು ಕೈ ಚಾಚಿ, ಚಾಚಿ, ಸುಮ್ಮನಾಗುತ್ತಿದ್ದ.

“ನೀಲಿ ಗುಂಡಿ ಒತ್ರಿ ಕಾಕಾ! ಎಷ್ಟ್ ಸಲ ಹೇಳ್ಬೇಕು?” ಮುಸ್ಕಾನ್ ರೇಗುತ್ತಿದ್ದಳು.

“ಕೈ ಬರವಲ್ದು ತಂಗಿ.”

ಆಮೇಲೆ ಅವನ ಕಣ್ಣು ಶೆಲ್ಫಿನ ಬಾಟಲಿಯತ್ತ ಹೋಗುತ್ತಿತ್ತು. “ನೀರು ಬೇಕೇನ್ರಿ?” ಎಂದು ಹೈದರಸಾಬ ಕೇಳಿದರೆ ಬೆಚ್ಚಿ, “ಬ್ಯಾಡ್ರಿ, ಬ್ಯಾಡ್ರಿ,” ಎಂದು ಎದ್ದುಬಿಡುತ್ತಿದ್ದ.

ಇನ್ನೇನು ಬೇಕು? ಕೆಂಪು ಧೂಳು, ಲಾರಿ, ಅಣ್ಣನ ಜಾಗ. ಮೇಲಾಗಿ ಊರು ಕೊಳಗಲ್ಲು ಎಂದು ಅವತ್ತು ಅವನೇ ಬಾಯಿಬಿಟ್ಟ. ಮುಸ್ಕಾನಳಿಗೆ ತಡೆಯಲಾಗಲಿಲ್ಲ. ಮೂರನೆಯ ಮಷೀನಿನ ವೈರು ಕಿತ್ತೆಸೆದಳು.

“ನಮ್ಮಣ್ಣನ್ನ ಹೊಡ್ದು ಓಡಿ ಹೋದಾವ ನೀನೇ ಹೌದಲ್ಲೋ?”

ಹುಡುಗರೆಲ್ಲ ಆಟ ಬಿಟ್ಟು ತಿರುಗಿದರು. ದುರುಗಪ್ಪ ಮೆಲ್ಲಗೆ ಎದ್ದು ನಿಂತ.

“ಹೊಡ್ದಾವ ನಾ ಅಲ್ಲವ್ವ. ಅದು ನನ್ನ ಮುಂದಿನ ಲಾರಿ. ನಾ ಎತ್ಕೊಂಡು ಹೋದಾವ. ಕ್ಲೀನರ್ ಗಾಡಿ ಓಡಿಸಿದ, ನಿಮ್ಮಣ್ಣನ ತಲಿ ನನ್ನ ತೊಡಿ ಮ್ಯಾಲಿತ್ತು. ಪೊಲೀಸ್ರ ಅಂಜಿಕಿಗೆ ಹೆಸರು ಹೇಳ್ಲಿಲ್ಲ.”

ಹೈದರಸಾಬ ಗಲ್ಲಾ ದಾಟಿ ಬಂದ. ಬಂದವನೇ ಆ ಧೂಳಿನ ಅಂಗಿಯನ್ನು ಗಟ್ಟಿಯಾಗಿ ತಬ್ಬಿಕೊಂಡ. ಎಪ್ಪತ್ತೈದು ದಿನ ಬರದಿದ್ದ ಅಳು ಈಗ ಬಂತು.

“ಅಲ್ಲಾಹ್ ನಿಮ್ಮನ್ನ ಚಲೋ ಇಡ್ಲಿ! ಮಾತಾಡ್ತಿದ್ನೇನ್ರಿ ನಮ್ಮ ಹುಡುಗ?”

“ಹೂಂರಿ. ಕೌಲ್ ಬಜಾರ್ದಾಗ ಗೇಮಿನ ಅಂಗಡಿ ಐತಿ, ನಾ ಮೂರನೇ ಮಷೀನ್ ಹತ್ರ ಕುಂತಿರ್ತೀನಿ, ಅಬ್ಬಾಗ ಸುದ್ದಿ ಹೇಳ್ರಿ ಅಂದ. ಆಮ್ಯಾಲೆ… ನೀರು ಕೇಳಿದ.”

ಹೈದರಸಾಬನ ಮುಖ ಅರಳಿತು. ಇಷ್ಟು ದಿನ ಹುಡುಕಿದ ಉತ್ತರ ತಾನಾಗಿಯೇ ನಡೆದು ಅಂಗಡಿಗೇ ಬಂದಿತ್ತು. ಒಳ್ಳೆಯವನ ತೊಡೆಯ ಮೇಲೆ ಮಲಗಿದ್ದ ಮಗ ನೀರಿಲ್ಲದೆ ಹೇಗೆ ಹೋದಾನು?

“ಮುಸ್ಕಾನ್, ಓಡು! ಅಮ್ಮೀನ್ನ ಕರ್ಕೊಂಡು ಬಾ. ನದೀಮಗ ಈ ಅಣ್ಣಾರು ನೀರು ಕುಡಿಸ್ಯಾರ ಅಂತ ಹೇಳು!”

ಮುಸ್ಕಾನ್ ಬರಿಗಾಲಲ್ಲೇ ಮನೆಯತ್ತ ಓಡಿದಳು. ದುರುಗಪ್ಪ ಕೂಗಿ ಕರೆದ. ಅವಳಿಗೆ ಕೇಳಿಸಲಿಲ್ಲ. ಅವನು ಶೆಲ್ಫಿನ ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೈದರಸಾಬನ ಮುಂದೆ ಹಿಡಿದ. ಮುಚ್ಚಳದ ಸೀಲು ಒಡೆದಿರಲಿಲ್ಲ.

“ಇದು ನಂದ್ರಿ ಸಾಹೇಬ್ರ. ಅವತ್ತು ಹುಡುಗನ ಹತ್ರನ ಬಿಟ್ಟು ಬಂದಿದ್ದೆ. ಗಾಯ ಆದವ್ರಿಗೆ ನೀರು ಕುಡಿಸಿದ್ರ ಜೀವ ಉಳಿಯಂಗಿಲ್ಲ ಅಂತಾರಲ್ರಿ… ದವಾಖಾನಿತನಕ ಕೇಳ್ಕೋತನ ಬಂದ, ಹುಡುಗ ಉಳೀಲಿ ಅಂತ ನಾ ಕೊಡ್ಲಿಲ್ಲ.”