ಸುತ್ತುತ್ತಲೇ ಇದ್ದ ಪಾಳಿಪಟ್ಟಿ

ತೊಂಬತ್ತೆಂಟಕ್ಕೆ ಬಂದು ಮತ್ತೆ ಸೊನ್ನೆಗೆ ಇಳಿಯಿತು.

ಗಂಗಲಕ್ಷ್ಮಿ ಮೌಸಿನಿಂದ ಕೈ ತೆಗೆದಳು. ತಾನು ಮುಟ್ಟಿದ್ದರಿಂದಲೇ ಹೀಗಾಯಿತೇನೋ ಎಂದು ಅನುಮಾನ. ಆದರೆ ಊಟಕ್ಕೆ ಎದ್ದು ಹೋಗಿದ್ದಾಗಲೂ ಹೀಗೇ ಆಗಿತ್ತು. ಪರದೆಯ ಮೇಲಿನ ಚಕ್ರ ಮೊದಲಿನಿಂದ ಸುತ್ತತೊಡಗಿತು.

ತಿಪಟೂರಿನ ಹೊರಗಿನ ಆ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಒಂಬೈನೂರು ಜನ, ಮೂರು ಪಾಳಿ. ಮೊದಲು ಮೇಸ್ತ್ರಿಗಳು ಹೇಳಿದ್ದೇ ಪಾಳಿ, ಅದು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಈಗ ಜನ ತಮಗೆ ಬೇಕಾದ ಪಾಳಿಯನ್ನು ಮೊಬೈಲಿನಲ್ಲೇ ಕೇಳುತ್ತಾರೆ. ಹೊಸ ಸಾಫ್ಟ್‌ವೇರ್ ಎಲ್ಲರ ಕೋರಿಕೆಯನ್ನೂ ಹೊಂದಿಸಿ ವಾರದ ಪಟ್ಟಿ ಕೊಡುತ್ತದೆ. ಕೊಡಬೇಕು. ಅದು ಬಂದು ಮೂರು ವಾರವಾಗಿತ್ತು, ಒಂದು ಪಟ್ಟಿಯೂ ಹೊರಬಿದ್ದಿರಲಿಲ್ಲ. ದಿನಾ ಸಂಜೆ ಅವಳೇ ಮರುದಿನದ ಹೆಸರುಗಳನ್ನು ಕೈಯಲ್ಲಿ ಬರೆದು ಗೇಟಿಗೆ ಅಂಟಿಸುತ್ತಿದ್ದಳು. ದಿನಾ ಯಾರಿಗೋ ತಪ್ಪಾಗುತ್ತಿತ್ತು. ದಿನಾ ಬೈಸಿಕೊಳ್ಳುತ್ತಿದ್ದಳು.

"ಬಂತೇನಮ್ಮಾ?" ಮಾಲೀಕ ಏಕಾಂತಯ್ಯ ಬಾಗಿಲಲ್ಲಿ ನಿಂತಿದ್ದರು.

"ಇನ್ನೂ ಇಲ್ಲ ಸಾರ್. ತೊಂಬತ್ತೆಂಟರವರೆಗೂ ಬಂದು..."

"ತೊಂಬತ್ತೆಂಟು ಪರೀಕ್ಷೇಲಿ ಬಂದ್ರೆ ಸ್ವೀಟ್ ಹಂಚಬೋದು. ಇಲ್ಲಿ ಇಟ್ಕೊಂಡು ನಾನೇನ್ ಮಾಡ್ಲಿ? ಸಂಜೆ ಒಳಗೆ ಪಟ್ಟಿ ಗೇಟಲ್ಲಿರಬೇಕು. ಇಲ್ದಿದ್ರೆ ಪ್ಯಾಕಿಂಗಲ್ಲಿ ನಿನ್ನ ಹಳೇ ಜಾಗ ಹಂಗೇ ಇದೆ, ನೋಡು."

ಅವರು ಹೋದರು. ಪ್ಯಾಕಿಂಗಿನಿಂದ ಈ ಕುರ್ಚಿಗೆ ಬರಲು ಅವಳು ಪಾಳಿ ಮುಗಿಸಿ ಸಂಜೆ ಕ್ಲಾಸಿಗೆ ಹೋಗಿ, ಕೂದಲಲ್ಲಿ ಕೊಬ್ಬರಿ ಪುಡಿ ಇಟ್ಟುಕೊಂಡೇ ಕಂಪ್ಯೂಟರ್ ಕಲಿತಿದ್ದಳು. ಅಲ್ಲಿ ಹೇಳಿಕೊಡದ ಯಾವುದನ್ನೋ ಉಳಿದವರೆಲ್ಲ ಬಲ್ಲರೆಂಬ ಅಳುಕು ಇನ್ನೂ ಹೋಗಿರಲಿಲ್ಲ.

ಸಾಫ್ಟ್‌ವೇರ್ ಕಂಪನಿಯ ಸಿದ್ಧಾರ್ಥ್‌ಗೆ ಫೋನ್ ಮಾಡಿದಳು.

"ಸಾಫ್ಟ್‌ವೇರ್ ನಿಧಾನ ಇಲ್ಲ ಮೇಡಂ. ಲೆಕ್ಕ ನಡೀತಿರುವಾಗ ಯಾರಾದ್ರೂ ಕೋರಿಕೆ ಬದಲಾಯಿಸಿದ್ರೆ ಮತ್ತೆ ಮೊದಲಿಂದ ಶುರುವಾಗುತ್ತೆ. ನಿಮ್ಮವರು ಬದಲಾಯಿಸ್ತಾನೇ ಇದ್ದಾರೆ. ಲಾಕ್ ಮಾಡಿಬಿಡಿ."

"ಹೋದ ವಾರ ಲಾಕ್ ಮಾಡ್ತೀನಿ ಅಂತ ಹೇಳಿದ್ದಕ್ಕೇ ಅರ್ಧ ಜನ ಕೆಲಸಕ್ಕೇ ಬರಲಿಲ್ಲ."

"ಹಾಗಾದ್ರೆ ಯಾಕೆ ಬದಲಾಯಿಸ್ತಾರೆ ಅಂತ ಅವರನ್ನೇ ಕೇಳಿ. ಅದು ನಮ್ಮ ಕೈಲಿಲ್ಲ ಮೇಡಂ."

ಅವಳು ಕೋರಿಕೆಗಳನ್ನು ನೋಡುತ್ತಾ ಕುಳಿತಳು. ನೊಣವಿನಕೆರೆ ಕಡೆಯ ಬಸ್ಸುಗಳಲ್ಲಿ ಬರುವವರು ಹಗಲು ಪಾಳಿ ಬಿಟ್ಟು ರಾತ್ರಿಗೆ ಕೇಳಿದರು, ಒಬ್ಬರ ಹಿಂದೆ ಒಬ್ಬರು. ಸ್ವಲ್ಪ ಹೊತ್ತಿಗೆ ಅದೇ ಜನ ರಾತ್ರಿ ಬೇಡ, ಹಗಲೇ ಬೇಕು ಎಂದರು. ಎರಡು ಸಲವೂ ಮೊದಲ ಹೆಸರು ತಿಮ್ಮಕ್ಕನದು.

ಗಂಗಲಕ್ಷ್ಮಿಯ ಕಿವಿ ಬಿಸಿಯಾಯಿತು. ತಿಮ್ಮಕ್ಕ ಹೇಳಿದರೆ ಆ ಕಡೆಯ ಹೆಂಗಸರು ಏಳುತ್ತಾರೆ, ಕೂರುತ್ತಾರೆ. ಪಕ್ಕದಲ್ಲಿ ಕೂತು ಪುಡಿ ತುಂಬುತ್ತಿದ್ದವಳು ಈಗ ತಮ್ಮ ಪಾಳಿ ಬರೆಯುವುದು ಅವರಿಗೆ ಸೇರಿಲ್ಲ. ಬೇಕೆಂದೇ ಮಾಡುತ್ತಿದ್ದಾರೆ.

ನೇರ ಸಿಪ್ಪೆ ಹೆರೆಯುವ ಹಾಲಿಗೆ ಹೋದಳು. ತಿಮ್ಮಕ್ಕ ಕಾಯಿ ಹೆರೆಯುತ್ತಿದ್ದಳು. ಮಡಿಲಲ್ಲಿ ಮೊಬೈಲು.

"ತಿಮ್ಮಕ್ಕ, ನಾನು ನಿನಗೇನು ಮಾಡಿದೀನಿ?"

"ಇದೇನವ್ವ, ಬಂದೋಳೇ ಹಿಂಗಂತೀಯ!"

"ಒಂದ್ಸಲ ರಾತ್ರಿ ಅಂತೀರಿ, ಒಂದ್ಸಲ ಹಗಲು ಅಂತೀರಿ. ಇವತ್ತು ಪಟ್ಟಿ ಬರದಿದ್ರೆ ನನ್ನ ಕುರ್ಚಿ ಹೋಗುತ್ತೆ ಕಣಕ್ಕ."

ಸುತ್ತಲಿನ ಕತ್ತಿಗಳು ನಿಂತವು. ತಿಮ್ಮಕ್ಕ ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿದಳು.

"ನಿನ್ ಕುರ್ಚಿ ನಮ್ಗ್ಯಾಕ್ ಬೇಕು ಬುಡು, ಅದ್ರಾಗೆ ಕುಂತ್ರೆ ನಂಗೆ ಸೊಂಟ ಹಿಡೀತೈತೆ." ಹೆಂಗಸರು ನಕ್ಕರು. "ತೋಟದ ಮೋಟ್ರಿಗೆ ತ್ರೀ ಫೇಸ್ ಕರೆಂಟು ಕಣವ್ವ. ಹಗ್ಲು ಕೊಡ್ತಾರೆ ಅಂತ ಸುದ್ದಿ ಬಂದ್ರೆ ಹಗ್ಲು ಮನೇಲಿರಬೇಕು, ರಾತ್ರಿ ಅಂದ್ರೆ ರಾತ್ರಿ. ತೆಂಗಿಗೆ ನೀರು ಯಾರ್ ಬುಡ್ತಾರೆ?"

"ಆಟೋ ಸ್ಟಾರ್ಟರ್ ಇಲ್ವಾ?"

"ಐತೆ. ಬೋರಲ್ಲಿ ನೀರು ಖಾಲಿಯಾದ್ರೂ ಅದು ಓಡ್ತಾನೇ ಇರ್ತೈತೆ. ಹೋದ್ ವರ್ಷ ಮೋಟ್ರು ಸುಟ್ಟೋಯ್ತು. ಸಾಲಿಂದ ಸಾಲಿಗೆ ನೀರು ಬುಡೋ ಗೇಟ್‌ವಾಲು ಅದೇ ತಿರುಗ್ಸ್ಕಂತದಾ? ಮೊದ್ಲೆಲ್ಲ ಇಂತಾ ಹೊತ್ತಿಗೆ ಅಂತ ಕರಾರುವಾಕ್ಕಾಗಿ ಕೊಡೋರು. ಈ ನಡುವೆ ಅವ್ರಿಗೇನ್ ಬಂದೈತೋ, ಇವತ್ತು ಹೇಳ್ತೀವಿ, ನಾಳೆ ಹೇಳ್ತೀವಿ ಅಂತಾವ್ರೆ. ಒಬ್ರು ಹಗ್ಲು ಅಂತಾರೆ, ಇನ್ನೊಬ್ರು ರಾತ್ರಿ ಅಂತಾರೆ. ನಾವೂ ಮೊಬೈಲು ಒತ್ತುತಾ ಕುಂತಿವಿ."

ಗಂಗಲಕ್ಷ್ಮಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಒಂದು ಖುಷಿ. ಸಿದ್ಧಾರ್ಥ್‌ಗೆ ಸಿಗದ ಕಾರಣ ಅವಳಿಗೆ ಸಿಕ್ಕಿತ್ತು. ಕರೆಂಟಿನ ಹೊತ್ತು ಗೊತ್ತಾದರೆ ಜನ ಒಂದೇ ಸಲ ಕೇಳುತ್ತಾರೆ. ಮತ್ತೆ ಬದಲಾಯಿಸುವುದಿಲ್ಲ. ಚಕ್ರ ನೂರಕ್ಕೆ ಮುಟ್ಟುತ್ತದೆ.

"ಆ ಕರೆಂಟಿನ ಹೊತ್ತು ಗೊತ್ತುಮಾಡೋದು ಯಾರಕ್ಕ?"

"ಸಬ್‌ಸ್ಟೇಷನ್ ಭೀಮರಾಜು. ತಗಾ, ನಂಬರ್ ಐತೆ. ನಾವ್ ಮಾಡಿ ಮಾಡಿ ಸಾಕಾಗೈತೆ, ಈಗ ಎತ್ತಾದೇ ಇಲ್ಲ."

ತನ್ನ ಕೋಣೆಗೆ ವಾಪಸ್ ಬಂದು ಕಾರ್ಖಾನೆಯ ಫೋನಿನಿಂದ ಮಾಡಿದಳು. ಏಕಾಂತಯ್ಯ ಮತ್ತೆ ಬಂದು ಬಾಗಿಲಲ್ಲಿ ನಿಂತರು. ಅವಳು ಅವರಿಗೆ ಒಂದು ನಿಮಿಷ ಎಂದು ಬೆರಳು ತೋರಿಸಿದಳು. ಅಷ್ಟು ಧೈರ್ಯ ಅವಳಿಗೆ ಯಾವತ್ತೂ ಬಂದಿರಲಿಲ್ಲ.

"ನಮಸ್ಕಾರ, ಕೊಬ್ಬರಿ ಪುಡಿ ಫ್ಯಾಕ್ಟರಿಯಿಂದ. ಇಲ್ಲಿ ಪಾಳಿ ಹಾಕೋದು ನಾನೇ..."

"ಅಬ್ಬ! ಕೊನೆಗೂ ನೀವೇ ಮಾಡಿದ್ರಲ್ಲ ಮೇಡಂ," ಎಂದ ಭೀಮರಾಜು. ಆ ಕಡೆ ಕುರ್ಚಿ ಎಳೆದ ಸದ್ದು. "ಹೇಳಿ, ಬರ್ಕೊಳ್ತೀನಿ."

"ಏನು ಬರ್ಕೊಳ್ತೀರಿ?"

"ಯಾವ ಊರೋರು ಹಗ್ಲು ಪಾಳಿ, ಯಾವ ಊರೋರು ರಾತ್ರಿ ಅಂತ. ಜನ ಮನೇಲಿರೋ ಹೊತ್ತು ನೋಡ್ಕಂಡೇ ಅಲ್ವೇನ್ರೀ ನಾನು ಕರೆಂಟ್ ಬುಡೋದು? ನಿಮ್ ಪಟ್ಟಿ ಬರ್ಲಿ ಅಂತ ಮೂರು ವಾರದಿಂದ ಕಾಯ್ತಾ ಕೂತಿದೀನಿ."