ರೊಟ್ಟಿ ಮಷಿನ್ ಮತ್ತು ಆಷಾಢದ ನೆಪ

ಫೋನ್ ಎತ್ತದ ಗಿರಾಕಿಗಳ ಮೇಲೆ ಸಿಟ್ಟು ಮಾಡಿಕೊಂಡವರೆಲ್ಲ ಇದನ್ನೊಮ್ಮೆ ಓದಿ...

ಹುಬ್ಬಳ್ಳಿಯಲ್ಲಿ ಕೊಟ್ರೇಶ ಎಂಬ ಹುಡುಗ ಖಾನಾವಳಿಗಳಿಗೆ ರೊಟ್ಟಿ ಮಾಡುವ ಮಷಿನ್ ಮಾರುತ್ತಿದ್ದ. ಅರಳು ಹುರಿದಂತೆ ಮಾತಾಡುತ್ತಿದ್ದ.

ಆದರೆ ಯಾಕೋ ಇತ್ತೀಚೆಗೆ ಒಂದೂ ಮಷಿನ್ ಹೋಗಿರಲಿಲ್ಲ. ಈ ತಿಂಗಳೂ ಹೀಗೇ ಆದರೆ ಬೇರೆ ಕೆಲಸ ನೋಡಿಕೋ ಎಂದು ಮಾಲೀಕ ಚನ್ನಪ್ಪನವರು ಹೇಳಿಬಿಟ್ಟಿದ್ದರು.

ಅವನ ಆಸೆಯೆಲ್ಲ ಇದ್ದದ್ದು ಆಸ್ಪತ್ರೆಯ ಹಿಂದಿನ ಗೌರವ್ವನ ಖಾನಾವಳಿಯ ಮೇಲೆ. ಆಕೆ ಡೆಮೋ ನೋಡಿ, ಮಷಿನ್‌ನ ಬಿಸಿ ರೊಟ್ಟಿ ತಿಂದು, "ಹೇಳ್ತೀನಪಾ" ಎಂದಿದ್ದಳು.

ಆಮೇಲೆ... ಸುದ್ದಿಯೇ ಇಲ್ಲ.

ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡಿದ, ಎತ್ತಲಿಲ್ಲ. ಮೆಸೇಜ್ ಹಾಕಿದ, ಓದಿದ್ದಾಳೆಂಬ ನೀಲಿ ಗೆರೆ ಬಂತು... ಉತ್ತರ ಬರಲಿಲ್ಲ.

ಆಕೆ ಕೊಡದಿದ್ದರೇನು, ಉತ್ತರವನ್ನು ಕೊಟ್ರೇಶನೇ ಕೊಟ್ಟುಕೊಂಡ. ಬೇರೆ ಕಂಪನಿಯವರು ಹಿಡಿದಿರಬೇಕು... ಆಕೆಯ ಮಗ ಬೇಡ ಅಂದಿರಬೇಕು...

ಕೊನೆಗೆ ಗಟ್ಟಿ ಕಾರಣವೇ ಸಿಕ್ಕಿತು. ಆಷಾಢ! ಆಷಾಢದಲ್ಲಿ ಯಾರಾದರೂ ಹೊಸ ವಸ್ತು ಕೊಳ್ಳುತ್ತಾರಾ? ಶ್ರಾವಣ ಬರಲಿ, ನೋಡೋಣ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ತಿಂಗಳೇ ಡೊಂಕಾಗಿ ಕಂಡಿತು.

ಫೋನ್ ಮಾಡುವುದನ್ನೇ ಬಿಟ್ಟ. ನಿಜ ಹೇಳಬೇಕೆಂದರೆ ಒಳಗೊಳಗೇ ಹಾಯೆನಿಸಿತು. ಕೇಳದಿದ್ದರೆ "ಬ್ಯಾಡ" ಅನ್ನಿಸಿಕೊಳ್ಳುವ ಸಂಕಟವೂ ಇಲ್ಲವಲ್ಲ...

ಒಂದು ಬೆಳಿಗ್ಗೆ ಮಾಲೀಕರು ವಿಚಾರಿಸಿದಾಗ ಇದೇ ಆಷಾಢದ ಕಥೆ ಹೇಳಿದ. ಅವರು ಚಹಾ ಕುಡಿಯುತ್ತಲೇ ಕೇಳಿದರು.

"ಬ್ಯಾಡ ಅಂತ ಆಕಿ ಅಂದಾಳೋ, ಆಕಿ ಪರವಾಗಿ ನೀನ ಅಂದೀಯೋ?"

ಬೇಡ ಅನ್ನಿಸಿಕೊಂಡೇ ಬಂದುಬಿಡುತ್ತೇನೆ ಎಂದುಕೊಂಡು ಕೊಟ್ರೇಶ ಬೈಕ್ ಹತ್ತಿದ.

ಖಾನಾವಳಿಯ ಒಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟ.

ಒಲೆಯ ಮುಂದೆ ಗೌರವ್ವ ಒಬ್ಬಳೇ. ಊದಿದ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಕೈ ತುಂಬ ಹಿಟ್ಟು. ಪಕ್ಕದಲ್ಲಿದ್ದ ಆಕೆಯ ಫೋನ್ ರಿಂಗಾಗಿ ರಿಂಗಾಗಿ ನಿಂತಿತು.

ಹೊರಗೆ ರೋಗಿಗಳ ಕಡೆಯವರು ಡಬ್ಬಿ ಹಿಡಿದು ಕಾಯುತ್ತಿದ್ದರು.

ಡೆಮೋ ದಿನ ಜೊತೆಗಿದ್ದ ಸೊಸೆ ಎಲ್ಲಿ ಎಂದು ಕೇಳಿದ.

"ಹೊಸಾ ಸೊಸಿ ಅಲ್ಲೇನಪಾ... ಆಷಾಢಕ್ಕ ತವರಿಗೆ ಹೋಗ್ಯಾಳ. ಅದಕ್ಕ ನನಗ ಮಷಿನ್ ಬೇಕಾಗಿತ್ತು."

ಕೊಟ್ರೇಶನಿಗೆ ಕಪಾಳಕ್ಕೆ ಹೊಡೆದಂತಾಯಿತು. ಯಾವ ಆಷಾಢದ ನೆಪ ಹೇಳಿ ಕೂತಿದ್ದನೋ, ಆ ಆಷಾಢಕ್ಕೇ ಆಕೆಗೆ ಮಷಿನ್ ಬೇಕಿತ್ತು!

ಮತ್ತೆ ಫೋನ್ ಯಾಕೆ ಎತ್ತಲಿಲ್ಲ ಎಂದು ಮೆಲ್ಲಗೆ ಕೇಳಿದ. ಆಕೆ ಹಿಟ್ಟಿನ ಕೈ ತೋರಿಸಿದಳು. ಟೈಪ್ ಮಾಡಲು ಬಾರದಂತೆ. ಕೆಲಸ ಮುಗಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಅಷ್ಟೊತ್ತಿಗೆ ಇನ್ನೊಬ್ಬರಿಗೆ ಹೇಗೆ ಫೋನ್ ಮಾಡುವುದು ಎಂದು ಸುಮ್ಮನಾಗಿದ್ದಳಂತೆ.

"ಆಮ್ಯಾಲ ನೀನೂ ಫೋನ್ ಬಿಟ್ಟಿ. ನಮ್ಮಂಥಾ ಸಣ್ಣ ಖಾನಾವಳಿ ನಿಮ್ಮ ಕಣ್ಣಿಗೆ ಕಾಣಲಿಲ್ಲೇನೋ ಅಂದ್ಕೊಂಡೆ. ನಾಳೆ ನಾಡಿದ್ದ ಬಾಗಿಲಾ ಹಾಕಾಕಿ ಇದ್ದೆ ತಮ್ಮಾ... ಕೈ ಏಳವಲ್ಲವು."

ಅವನ ಕಣ್ಣು ತುಂಬಿ ಬಂತು. ಆಷಾಢದಲ್ಲಿ ನೀವು ಹೊಸದು ಕೊಳ್ಳುವುದಿಲ್ಲ ಅಂದುಕೊಂಡಿದ್ದೆ ಎಂದು ತಡವರಿಸಿದ.

ಗೌರವ್ವ ನಕ್ಕಳು.

"ಹಸಿವಿಗೆ ಆಷಾಢ ಇರತೈತೇನೋ ತಮ್ಮಾ?"

ಕೊಟ್ರೇಶ ಆಗ ಮಷಿನ್ ಮಾತೇ ಎತ್ತಲಿಲ್ಲ. ಕೈ ತೊಳೆದುಕೊಂಡು, ಕಾಯುತ್ತಿದ್ದವರ ಡಬ್ಬಿ ತುಂಬಿಸಿ ಕೊಡಲು ನಿಂತ. ಜನ ಕರಗಿದ ಮೇಲೆ ಮಾಲೀಕರಿಗೆ ಫೋನ್ ಮಾಡಿ ಅವತ್ತೇ ಮಷಿನ್ ತರಿಸಿದ. ಗೌರವ್ವ ಆಷಾಢದಲ್ಲೇ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು.

ಅಲ್ಲಿಂದ ಹೊರಟವನು ಸೀದಾ ಮನೆಗೆ ಹೋಗಲಿಲ್ಲ. ಫೋನ್ ಎತ್ತದ ಇನ್ನೊಬ್ಬ ಗಿರಾಕಿಯ ಹೋಟೆಲಿನ ಕಡೆ ಬೈಕ್ ತಿರುಗಿಸಿದ.

ಆತ ನಿಜಕ್ಕೂ ಬೇಡ ಅಂದ.

ಕೊಟ್ರೇಶ ನಗುತ್ತಲೇ ಕೈಮುಗಿದು ಹೊರಬಂದ. ಈ ಸಲ ಆ ಮಾತು ಆತನ ಬಾಯಿಂದಲೇ ಬಂದಿತ್ತು...

*ಎದುರಿನವರ ಮೌನಕ್ಕೆ ನಾವೇ ಅರ್ಥ ಕಟ್ಟಿಕೊಂಡರೆ, ನಷ್ಟ ಇಬ್ಬರಿಗೂ.*

ನೀವು ಯಾರ ಪರವಾಗಿ "ಬೇಡ" ಅಂದುಕೊಂಡು ಸುಮ್ಮನೆ ಕೂತಿದ್ದೀರಿ... ಇವತ್ತೇ ಹೋಗಿ ಒಂದು ಮಾತು ಕೇಳಬಾರದೇ?